ಟ್ಯಾಂಕರ್ ಆಪ್ಟಿಮೈಸೇಷನ್: ಡೆಕ್ಕಿಗೆ ಬಕ್ಲಿಂಗ್ ಲೆಕ್ಕ ಸೇರಿತು

ತೈಲ ಟ್ಯಾಂಕರಿನ ವಿನ್ಯಾಸ ಹುಡುಕುವ ನನ್ನ ಪ್ರೋಗ್ರಾಮಿಗೆ ಬಕ್ಲಿಂಗ್ (ಒತ್ತಿದಾಗ ಪ್ಲೇಟ್ ಉಬ್ಬಿ ಬಾಗುವುದು) ಲೆಕ್ಕ ಸೇರಿಸಿ ಆಯಿತು. ಡೆಕ್ಕಿನ ವಿನ್ಯಾಸವೇ ಬದಲಾಗಿಬಿಟ್ಟಿದೆ!

ಹೊಸದಾಗಿ ಓದುವವರಿಗೆ ಎರಡು ಮಾತು. ನನ್ನ ಮಾದರಿ ಹಡಗು 180 ಮೀಟರ್ ಉದ್ದ, 30 ಮೀಟರ್ ಅಗಲದ ತೈಲ ಟ್ಯಾಂಕರ್. ಬ್ಲಾಕ್ ಕೋಎಫಿಶಿಯೆಂಟ್ 0.8, ಅಂದರೆ ನೀರಿನೊಳಗಿನ ಭಾಗ ಅದೇ ಉದ್ದ, ಅಗಲ, ಆಳದ ಪೆಟ್ಟಿಗೆಯ ಶೇ. 80ರಷ್ಟನ್ನು ತುಂಬುತ್ತದೆ. ಅದರ ನಡುಭಾಗದ ಪ್ಲೇಟುಗಳ ದಪ್ಪ, ಸ್ಟಿಫ್ನರ್‌ಗಳ (ಪ್ಲೇಟ್ ಬಾಗದಂತೆ ಅದಕ್ಕೆ ವೆಲ್ಡ್ ಮಾಡುವ ಉಕ್ಕಿನ ಪಟ್ಟಿಗಳು) ಅಳತೆ ಮತ್ತು ಅಂತರವನ್ನು ಪೈಥಾನ್ ಪ್ರೋಗ್ರಾಂ ಬದಲಿಸುತ್ತಾ ಹೋಗಿ, ಕಡಿಮೆ ಉಕ್ಕಿನ ವಿನ್ಯಾಸ ಹುಡುಕುತ್ತದೆ. ಹುಡುಕಲು ಬಳಸಿರುವುದು ಎನ್‌ಎಸ್‌ಜಿಎ-2, ಒಂದಕ್ಕಿಂತ ಹೆಚ್ಚು ಗುರಿಗಳನ್ನು ಒಟ್ಟಿಗೆ ನೋಡುವ ಜೆನೆಟಿಕ್ ಅಲ್ಗಾರಿದಮ್. ಐಐಟಿ ಕಾನ್ಪುರದ ಕಲ್ಯಾಣ್ಮಯ್ ದೇಬ್ ಮತ್ತು ಜೊತೆಗಾರರು 2002ರಲ್ಲಿ ಪ್ರಕಟಿಸಿದ ವಿಧಾನ ಇದು.

ಮೊದಲ ಹಂತದಲ್ಲಿ ಇದ್ದದ್ದು ಐಎಸಿಎಸ್‌ನ (ಹಡಗು ವರ್ಗೀಕರಣ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟ) ಎಸ್11 ನಿಯಮ ಮಾತ್ರ. ಹಡಗಿನ ಒಡಲು ಉದ್ದಕ್ಕೂ ಎಷ್ಟು ಗಟ್ಟಿ ಇರಬೇಕು ಅನ್ನುವ ನಿಯಮ ಅದು. ಸಾಮಾನ್ಯ ಉಕ್ಕಾದರೆ ಈ ಹಡಗಿಗೆ ಸುಮಾರು 13.76 ಘನ ಮೀಟರ್ ಸೆಕ್ಷನ್ ಮಾಡ್ಯುಲಸ್ (ಬಾಗುವಿಕೆಯನ್ನು ತಡೆಯುವ ಶಕ್ತಿಯ ಅಳತೆ) ಬೇಕು. ಅಷ್ಟನ್ನೇ ಕೇಳಿದರೆ ಕಂಪ್ಯೂಟರ್ ಡೆಕ್ಕಿನ ಸ್ಟಿಫ್ನರ್‌ಗಳನ್ನು ಕಿತ್ತು ಉಕ್ಕನ್ನೆಲ್ಲ ಪ್ಲೇಟಿಗೇ ಹಾಕುತ್ತದೆ. ಪ್ಲೇಟ್ ನ್ಯೂಟ್ರಲ್ ಆಕ್ಸಿಸ್‌ನಿಂದ (ಹಡಗು ಬಾಗಿದಾಗ ಎಳೆತವೂ ಒತ್ತಡವೂ ಇಲ್ಲದ ನಡುಮಟ್ಟ) ಜಾಸ್ತಿ ದೂರ ಇದೆ, ಹಾಗಾಗಿ ಅಲ್ಲಿಟ್ಟ ಪ್ರತಿ ಕಿಲೋ ಉಕ್ಕಿನಿಂದಲೂ ಲಾಭ ಹೆಚ್ಚು. ಲೆಕ್ಕ ಸರಿ. ಆದರೆ ಅಲೆಯ ತಗ್ಗಿನಲ್ಲಿ ಹಡಗಿನ ನಡು ಕುಸಿದಾಗ ಡೆಕ್ ಒತ್ತಡಕ್ಕೆ ಸಿಗುತ್ತದೆ. ಈ ಹಡಗಿಗೆ ಅಲೆಯೊಂದರಿಂದಲೇ ಬರುವ ಬೆಂಡಿಂಗ್ ಮೊಮೆಂಟ್ (ಬಗ್ಗಿಸುವ ಬಲದ ಅಳತೆ) ಸುಮಾರು 15.1 ಲಕ್ಷ ಕಿಲೋನ್ಯೂಟನ್ ಮೀಟರ್. ಎರಡೂ ತುದಿಯಿಂದ ಒತ್ತಿದ ಸ್ಕೇಲಿನ ಹಾಗೆ ಪ್ಲೇಟ್ ಪಕ್ಕಕ್ಕೆ ಉಬ್ಬುತ್ತದೆ.

ಈಗಿನ ಲೆಕ್ಕ ನೋಡಿ. 12 ಮಿ.ಮೀ. ಪ್ಲೇಟಿಗೆ ಸ್ಟಿಫ್ನರ್ ಅಂತರ 800 ಮಿ.ಮೀ. ಇದ್ದರೆ ಅದು ಚದರ ಮಿ.ಮೀ.ಗೆ ಸುಮಾರು 153 ನ್ಯೂಟನ್ ಒತ್ತಡದಲ್ಲೇ ಉಬ್ಬುತ್ತದೆ. ಅಂತರ 600ಕ್ಕೆ ಇಳಿಸಿದರೆ 189ರವರೆಗೆ ತಾಳುತ್ತದೆ. ಸಾಮಾನ್ಯ ಉಕ್ಕಿಗೆ ನಿಯಮ ಒಪ್ಪುವ ಒತ್ತಡ 175, ಅಲ್ಲಿಯವರೆಗಾದರೂ ಪ್ಲೇಟ್ ಉಬ್ಬಬಾರದು. ಹಾಗಾಗಿ ಕಿತ್ತು ಹಾಕಿದ್ದ ಸ್ಟಿಫ್ನರ್‌ಗಳೆಲ್ಲ ವಾಪಸ್ ಬಂದಿವೆ, ಅದೂ ಹತ್ತಿರ ಹತ್ತಿರ.

ಹೆಚ್ಚು ಬಲದ ಉಕ್ಕು, ಅಂದರೆ ಎಎಚ್36 ಹಾಕಿದರೆ? ಬೇಕಾದ ಮಾಡ್ಯುಲಸ್ 9.9 ಘನ ಮೀಟರಿಗೆ ಇಳಿಯುತ್ತದೆ. ಪ್ಲೇಟ್ ತೆಳ್ಳಗಾಗುತ್ತದೆ. ಆದರೆ ಉಕ್ಕಿನ ಬಿಗಿತ ಬದಲಾಗುವುದಿಲ್ಲ, ಅಲ್ವಾ? 600 ಅಂತರದಲ್ಲಿ 10 ಮಿ.ಮೀ. ಪ್ಲೇಟ್ ತಾಳುವುದು 203 ಮಾತ್ರ, ಈ ಉಕ್ಕಿಗೆ ನಿಯಮದ ಮಿತಿಯೋ 243. ದುಬಾರಿ ಉಕ್ಕಿನ ಲಾಭವನ್ನು ಬಕ್ಲಿಂಗೇ ನುಂಗಿಹಾಕುತ್ತದೆ. ನನಗೆ ಈ ಯೋಜನೆಯಲ್ಲಿ ಅತಿ ಇಷ್ಟವಾದ ಜಾಗ ಇದು. ಎಲ್ಲಿ ಷರತ್ತು ಇಲ್ಲವೋ ಆಪ್ಟಿಮೈಸರ್ ನೇರ ಅಲ್ಲಿಗೇ ನುಗ್ಗುತ್ತದೆ. ಅದನ್ನು ನೋಡುತ್ತಾ ನಿಯಮದ ಒಂದೊಂದು ಸಾಲೂ ಯಾಕೆ ಇದೆ ಅಂತ ಅರ್ಥವಾಗುತ್ತದೆ.

ದಪ್ಪವನ್ನು ಅರ್ಧ ಮಿ.ಮೀ. ಮೆಟ್ಟಿಲುಗಳಲ್ಲೇ ಬದಲಾಗುವಂತೆ ಕಟ್ಟಿದ್ದೇನೆ. 13.27 ಮಿ.ಮೀ. ಅಂತ ಉತ್ತರ ಬಂದರೆ ಆ ಪ್ಲೇಟನ್ನು ಎಲ್ಲಿಂದ ತರುವುದು?

ತೂಕದ ಜೊತೆ ವೆಲ್ಡಿಂಗ್ ಉದ್ದವನ್ನೂ ಎರಡನೇ ಗುರಿಯಾಗಿ ಇಟ್ಟಿದ್ದೇನೆ. ಅಂತರ ಕಡಿಮೆ ಆದರೆ ತೆಳು ಪ್ಲೇಟೇ ಸಾಕಾಗಿ ಉಕ್ಕು ಉಳಿತಾಯವಾಗುತ್ತದೆ, ವೆಲ್ಡಿಂಗ್ ಬೆಳೆಯುತ್ತದೆ. ಉತ್ತರ ಒಂದೇ ವಿನ್ಯಾಸವಲ್ಲ, ವಿನ್ಯಾಸಗಳ ಒಂದು ಸಾಲು. ಅದರಲ್ಲಿ ಯಾವುದನ್ನು ಆರಿಸಬೇಕು ಅನ್ನುವುದು ಆ ಯಾರ್ಡಿನ ಕೂಲಿ ಮತ್ತು ಉಕ್ಕಿನ ಬೆಲೆಗೆ ಬಿಟ್ಟದ್ದು.

ಮುಂದೆ ಫಟೀಗ್ (ಮತ್ತೆ ಮತ್ತೆ ಬೀಳುವ ಭಾರದಿಂದ ಬಿರುಕು ಬಿಡುವುದು) ಲೆಕ್ಕ. ಮೊದಲು ಸ್ಟಿಫ್ನರ್ ಮತ್ತು ಅಡ್ಡ ಫ್ರೇಮ್ ಕೂಡುವ ಜಾಗದ ವೆಲ್ಡುಗಳನ್ನು ತೆಗೆದುಕೊಳ್ಳುತ್ತೇನೆ.