ಉಪ್ಪು ಕರಗಿದರೆ ದ್ರವವೇ?

ಡಿಸೆಂಬರ್ ಬಂತೆಂದರೆ ಶಿರಸಿ ಕಡೆಯ ಮನೆಗಳಲ್ಲಿ ಕೊಬ್ಬರಿ ಎಣ್ಣೆ ಬಾಟಲಿ ಬಚ್ಚಲೊಲೆಯ ಪಕ್ಕಕ್ಕೆ ಬರುತ್ತದೆ. ಬೆಳಗಾಗುವಷ್ಟರಲ್ಲಿ ಎಣ್ಣೆ ಗಟ್ಟಿಯಾಗಿರುತ್ತದೆ, ತಲೆಕೆಳಗು ಮಾಡಿದರೂ ಒಂದು ಹನಿ ಇಳಿಯುವುದಿಲ್ಲ. ಮೂರನೇ ತರಗತಿಗೆ ಘನ, ದ್ರವ, ಅನಿಲ ಹೇಳಿಕೊಡಲು ನಾನು ಈ ಬಾಟಲಿಯನ್ನೇ ಹಿಡಿಯುತ್ತೇನೆ. ಮಂಜುಗಡ್ಡೆ ಒಮ್ಮೆ ನೀರಾದರೆ ಫ್ರಿಜ್ ಇಲ್ಲದ ನಮ್ಮ ಶಾಲೆಯಲ್ಲಿ ಅದನ್ನು ಮತ್ತೆ ಗಟ್ಟಿ ಮಾಡಿ ತೋರಿಸಲಾಗುವುದಿಲ್ಲ. ಕೊಬ್ಬರಿ ಎಣ್ಣೆ 24 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕರಗುತ್ತದೆ, ಮಕ್ಕಳ ಅಂಗೈ ಬಿಸಿಯೇ ಸಾಕು. ತಣ್ಣೀರಿನ ಬಕೆಟ್ಟಿನಲ್ಲಿಟ್ಟರೆ ಮತ್ತೆ ಬೆಳ್ಳಗಾಗುತ್ತದೆ. ಎಷ್ಟು ಸಲ ಬೇಕಾದರೂ ಮಾಡಬಹುದು.

ತೊಡಕು ಬಂದದ್ದು ನಮ್ಮ ಮಾತಿನಿಂದಲೇ. ತುಪ್ಪವೂ ಕರಗುತ್ತದೆ, ಉಪ್ಪೂ ಕರಗುತ್ತದೆ. ಹೋದ ವರ್ಷ ನಾನು ಅವಸರದಲ್ಲಿ "ಕರಗಿದರೆ ದ್ರವ ಆಗುತ್ತೆ" ಎಂದುಬಿಟ್ಟೆ. ಮರುದಿನ ಒಬ್ಬಳು ಪಟ್ಟಿಯಲ್ಲಿ ಅಂದವಾಗಿ ಬರೆದುಕೊಂಡು ಬಂದಿದ್ದಳು: "ಉಪ್ಪು ನೀರಿಗೆ ಹಾಕಿದರೆ ಉಪ್ಪು ದ್ರವ ಆಗುತ್ತದೆ." ಅವಳದೇನೂ ತಪ್ಪಿರಲಿಲ್ಲ, ನಾನು ಹೇಳಿದ್ದನ್ನೇ ಬರೆದಿದ್ದಳು. ಆ ಸಾಲು ನನ್ನನ್ನು ಬಹಳ ದಿನ ಕಾಡಿತು.

ಈ ವರ್ಷ ಎರಡು ಸ್ಟೀಲ್ ಬಟ್ಟಲು ತಂದೆ. ಒಂದರಲ್ಲಿ ಗಟ್ಟಿ ತುಪ್ಪ, ಇನ್ನೊಂದರಲ್ಲಿ ಹರಳುಪ್ಪು. ಬಿಸಿಯೂಟದ ಅಕ್ಕ ಅಗಲ ಪಾತ್ರೆಯಲ್ಲಿ ಬಿಸಿನೀರು ಕೊಟ್ಟರು. ಬಟ್ಟಲುಗಳನ್ನು ನಾನೇ ಅದರಲ್ಲಿ ತೇಲಿಬಿಟ್ಟೆ, ಮಕ್ಕಳನ್ನು ಎರಡು ಮಾರು ದೂರ ಕೂರಿಸಿದ್ದೆ. ತುಪ್ಪ ಮೊದಲು ಅಂಚಿನಲ್ಲಿ ಹೊಳೆಯಿತು, ಆಮೇಲೆ ನಡುವಿನ ಗಡ್ಡೆ ಸಣ್ಣಗಾಗುತ್ತ ಜಾರಿ ಮುಳುಗಿತು. ಉಪ್ಪು ಇದ್ದ ಹಾಗೇ ಇತ್ತು. ಐದು ನಿಮಿಷ, ಹತ್ತು ನಿಮಿಷ. ಕೊನೆಗೆ ಮುಂದಿನ ಸಾಲಿನ ಹುಡುಗ ಹೇಳಿದ: "ಉಪ್ಪಿಗೆ ಬಿಸಿ ಸಾಲೂದಿಲ್ಲ ಅಕ್ಕೋರೇ, ನೀರು ಬೇಕು."

ಹೋದ ವರ್ಷ ನಾನು ಹೇಳಬೇಕಿದ್ದ ಮಾತು ಇದು. ಉಪ್ಪೂ ಬರೀ ಬಿಸಿಗೆ ದ್ರವವಾಗುತ್ತದೆ, ಆದರೆ ಅದಕ್ಕೆ 801 ಡಿಗ್ರಿ ಬೇಕು ಎಂದೆ. ನೀರು ಕುದಿಯುವುದೇ 100ಕ್ಕೆ ಎಂದು ಅವರಿಗೆ ಗೊತ್ತು, ಹಾಗಾಗಿ ಕಣ್ಣರಳಿಸಿದರು. ಅಂದಿನಿಂದ ತರಗತಿಯಲ್ಲಿ "ಬಿಸಿಗೆ ಕರಗಿತು", "ನೀರಲ್ಲಿ ಕರಗಿತು" ಎಂದು ಪೂರ್ತಿಯಾಗಿಯೇ ಹೇಳುತ್ತೇವೆ. (ಹೆಪ್ಪುಗಟ್ಟುವುದು ಎಂಬ ಮಾತಿಗೂ ಇದೇ ಪಾಡು. ಹೆಪ್ಪುಗಟ್ಟಿದ ತುಪ್ಪ ಕಾಯಿಸಿದರೆ ತಿರುಗಿ ಮೊದಲಿನಂತಾಗುತ್ತದೆ. ಮೊಸರು ಕಾಯಿಸಿದರೆ ಹಾಲಾದೀತೇ?)

ನೀರಲ್ಲಿ ಕರಗಿದ ಉಪ್ಪು ಎಲ್ಲಿಗೂ ಹೋಗಿಲ್ಲ ಎಂದು ತೋರಿಸಲು ಉಪ್ಪುನೀರನ್ನು ತಟ್ಟೆಗೆ ತೆಳ್ಳಗೆ ಹೊಯ್ದು, ತೆಳುಬಟ್ಟೆ ಮುಚ್ಚಿ, ಜಗಲಿಯ ಬಿಸಿಲಿಗಿಟ್ಟೆವು. ಮೂರನೇ ದಿನ ತಟ್ಟೆಯ ತುಂಬ ಬಿಳಿ ಹರಳು. ಗೋಕರ್ಣದ ಕಡೆ ನೆಂಟರಿರುವ ಹುಡುಗಿಯೊಬ್ಬಳು "ಸಾಣಿಕಟ್ಟಾದಲ್ಲಿ ಹೀಗೇ ಮಾಡ್ತಾರೆ" ಎಂದಳು. ಹೌದು, ಅಲ್ಲಿನ ಉಪ್ಪಿನ ಆಗರಗಳಲ್ಲಿ ನಡೆಯುವುದೂ ಇದೇ.

"ನೀರು ಎಲ್ಲಿ ಹೋಯ್ತು?" ಎಂದು ಕೇಳಿದೆ. ತಟ್ಟೆ ಕುಡೀತು, ಸೂರ್ಯ ಕುಡಿದ, ಮಾಯ ಆಯ್ತು. ನಾನು ಯಾವುದನ್ನೂ ಸರಿ, ತಪ್ಪು ಎನ್ನಲಿಲ್ಲ.

ಮರುದಿನ ಮನೆಯಿಂದ ಫ್ಲಾಸ್ಕಿನಲ್ಲಿ ಮಂಜುಗಡ್ಡೆ ಒಯ್ದೆ. ಸ್ಟೀಲ್ ಲೋಟಕ್ಕೆ ನೀರು, ನಾಲ್ಕು ಹನಿ ನೀಲಿ ಶಾಯಿ, ಮೇಲೆ ಮಂಜುಗಡ್ಡೆ. ಸ್ವಲ್ಪ ಹೊತ್ತಿಗೆ ಲೋಟದ ಹೊರಮೈ ಮಂಕಾಗಿ, ಸಣ್ಣ ಸಣ್ಣ ಹನಿ ಕೂತು, ಒಂದೆರಡು ಕೂಡಿಕೊಂಡು ಕೆಳಗಿಳಿದವು. "ಲೋಟ ಸೋರ್ತದೆ!" ಎಂದು ಕೂಗು. ಪಟ್ಟಿಯ ಹಾಳೆ ಹರಿದು ಒಬ್ಬಳ ಕೈಗೆ ಕೊಟ್ಟು ಒರೆಸಲು ಹೇಳಿದೆ. ಹಾಳೆ ಒದ್ದೆಯಾಯಿತು, ನೀಲಿಯಾಗಲಿಲ್ಲ. ಅವಳು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು, ಲೋಟದೊಳಗೆ ಇಣುಕಿದಳು, ಮತ್ತೆ ಹಾಳೆ ನೋಡಿದಳು.

"ಇದು ಒಳಗಿನ ನೀರಲ್ಲ," ಎಂದಳು. ಹಾಗಾದರೆ ಎಲ್ಲಿಯದು ಎಂದೆ. ಅವಳು ಸುಮ್ಮನೆ ಗಾಳಿಯತ್ತ ಕೈ ಬೀಸಿದಳು. ಹಿಂದಿನಿಂದ ಇನ್ನೊಬ್ಬ ಎದ್ದು ನಿಂತು ಕೇಳಿದ: "ಅಕ್ಕೋರೇ, ಮೊನ್ನೆ ತಟ್ಟೆಯಿಂದ ಹೋದ ನೀರೂ ಇದರಲ್ಲಿ ಇರಬಹುದಾ?"

"ಇರಬಹುದು," ಎಂದೆ.