ನರಗುಂದದ ಗುಡ್ಡದ ಬುಡದಲ್ಲಿ ಕಂಪನಿಯ ಲೆಕ್ಕ

ಹುಬ್ಬಳ್ಳಿ, ಧಾರವಾಡಗಳಲ್ಲಿ ಕಳೆದ ದಿನಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಉಣಕಲ್ಲಿನ ಚಂದ್ರಮೌಳೇಶ್ವರ ದೇವಾಲಯ, ನಾಲ್ಕು ದಿಕ್ಕಿಗೂ ತೆರೆದ ಅದರ ಬಾಗಿಲುಗಳು ಬಹಳ ಹಿಡಿಸಿದವು. ಪೇಡೆಯ ಸಿಹಿ ನನಗೆ ಅತಿಯಾಯಿತು. ಗಿರ್ಮಿಟ್ ಜೊತೆಗೆ ಬಿಸಿ ಮಿರ್ಚಿ ಸಿಗುವಾಗ ಬೇರೆ ತಿಂಡಿಯ ಆಸೆ ಯಾಕೆ ಎಂದು ಈಗಲೂ ಕೇಳುತ್ತೇನೆ. ಬರೆಯಲೇಬೇಕು ಅನ್ನಿಸಿದ್ದು ಗದಗ ಜಿಲ್ಲೆಯ ನರಗುಂದದ ಬಗ್ಗೆ.

ಹುಬ್ಬಳ್ಳಿಯಿಂದ ನವಲಗುಂದ ದಾಟಿ ಹೋಗುವ ದಾರಿಯುದ್ದಕ್ಕೂ ಎರೆಭೂಮಿ. ಡಿಸೆಂಬರಿನಲ್ಲಿ ಕಡಲೆ, ಬಿಳಿಜೋಳ, ಅಲ್ಲಲ್ಲಿ ಬಿಡಿಸಲು ಉಳಿದ ಹತ್ತಿ. ನಾನು ಹತ್ತಿದ ಖಾಸಗಿ ಬಸ್ಸಿನವರು ನರಗುಂದದ ನಿಲ್ದಾಣದಲ್ಲೇ ಬಿಡುತ್ತೇವೆಂದು ಹೇಳಿ ದುಡ್ಡು ತೆಗೆದುಕೊಂಡು, ಊರಿನ ಹೊರಗೆ ಹೆದ್ದಾರಿಯಲ್ಲೇ ಇಳಿಸಿ ಹೋದರು. ಚೀಲ ಹೊತ್ತು ಬಿಸಿಲಲ್ಲಿ ನಡೆದ ಆ ಸಿಟ್ಟು ಇನ್ನೂ ಇಳಿದಿಲ್ಲ. ಹೋಗುವವರು ನಿಲ್ದಾಣದೊಳಗೆ ಹೋಗುವ ಬಸ್ಸನ್ನೇ ಹಿಡಿಯಿರಿ, ನೀರು ತೆಗೆದುಕೊಂಡು ಹೋಗಿ, ಗುಡ್ಡವನ್ನು ಬೆಳಿಗ್ಗೆಯೇ ಹತ್ತಿ.

ಸುತ್ತಲಿನ ಬಯಲಿನಲ್ಲಿ ಒಂಟಿಯಾಗಿ ಎದ್ದು ನಿಂತ ಗುಡ್ಡ ಅದು. 1858ರ ಮೇ ತಿಂಗಳ ಕೊನೆಯಲ್ಲಿ ಇಲ್ಲಿನ ಸಂಸ್ಥಾನಿಕ ಬಾಬಾಸಾಹೇಬ ಭಾವೆ ಈಸ್ಟ್ ಇಂಡಿಯಾ ಕಂಪನಿಯ ಮೇಲೆ ಎದ್ದರು. ದತ್ತು ತೆಗೆದುಕೊಳ್ಳಲು ಕಂಪನಿ ಒಪ್ಪಿರಲಿಲ್ಲ, ಆಯುಧಗಳನ್ನು ಒಪ್ಪಿಸಬೇಕೆಂದು ಕಾಯ್ದೆ ತಂದಿತ್ತು. ಸುರೇಬಾನದಲ್ಲಿ ತಂಗಿದ್ದ ಕಂಪನಿಯ ಅಧಿಕಾರಿ ಮ್ಯಾನ್ಸನ್‌ನನ್ನು ರಾತ್ರಿ ಕೊಂದು, ಅವನ ತಲೆಯನ್ನು ತಂದು ನರಗುಂದದ ಅಗಸಿಗೆ, ಅಂದರೆ ಊರ ಬಾಗಿಲಿಗೆ, ತೂಗುಹಾಕಿದರು. ಜೂನ್ ಆರಂಭದಲ್ಲೇ ಕೋಟೆ ಬಿತ್ತು. ಜೂನ್ 12ರಂದು ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಅವರ ತಾಯಿ ಮತ್ತು ಹೆಂಡತಿ ಮಲಪ್ರಭೆಯಲ್ಲಿ ಪ್ರಾಣ ಬಿಟ್ಟರು.

ಇಷ್ಟು ನನಗೆ ಗೊತ್ತಿತ್ತು. ಗೊತ್ತಿಲ್ಲದ್ದನ್ನು ಹೇಳಿದವರು ಗುಡ್ಡ ಇಳಿದ ಮೇಲೆ ಬೇವಿನ ನೆರಳಲ್ಲಿ ಸಿಕ್ಕ ಒಬ್ಬ ಅಜ್ಜ ಮತ್ತು ಅವರ ಮೊಮ್ಮಗಳು. ಅಜ್ಜ ನಿವೃತ್ತ ಮಾಸ್ತರರು. ಹುಡುಗಿ ಹುಬ್ಬಳ್ಳಿಯ ನವನಗರದಲ್ಲಿ ಕಾನೂನು ಓದುತ್ತಿದ್ದಾಳೆ. ರಜೆಗೆ ಊರಿಗೆ ಬಂದಿದ್ದರೂ ಕೈಯಲ್ಲಿ ಕಾಗದದ ಕಟ್ಟು ಇತ್ತು. ಅಣಕು ನ್ಯಾಯಾಲಯದ ಸ್ಪರ್ಧೆಗೆ ತಯಾರಿಯಂತೆ. ವಿಷಯ ಏನೆಂದು ಕೇಳಿದೆ.

“ಯುದ್ಧದಲ್ಲಿ ಜನರನ್ನು ಕೊಲ್ಲುವವರಿಗೆ ಹಣ ಕೊಟ್ಟ ಕಂಪನಿ ತಾನೂ ಅಪರಾಧಿಯೇ, ಅಲ್ಲವೇ ಅನ್ನುವುದು, ಅಕ್ಕಾವರೇ,” ಎಂದಳು.

ಅಜ್ಜ ಗುಡ್ಡದ ಕಡೆ ಕೈ ತೋರಿಸಿ, “ಬಾಬಾಸಾಹೇಬರ ವಿಚಾರಣೆ ಹದಿನೈದು ದಿನದೊಳಗೆ ಮುಗಿದು ನೇಣೂ ಬಿತ್ತು. ಕಂಪನಿಯ ವಿಚಾರಣೆ ಯಾವಾಗ ಆಯಿತು, ಹೇಳು ತಂಗಿ,” ಎಂದು ನನ್ನನ್ನೇ ಕೇಳಿದರು.

ಕಂಪನಿಯ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸ್ ಮೇಲೆ ಬ್ರಿಟಿಷ್ ಸಂಸತ್ತು ವಿಚಾರಣೆ ನಡೆಸಿತ್ತಲ್ಲ ಎಂದೆ. ಅದಕ್ಕೂ ಅವರಲ್ಲಿ ಉತ್ತರ ಇತ್ತು. 1788ರಲ್ಲಿ ಶುರುವಾದ ಆ ವಿಚಾರಣೆ 1795ರವರೆಗೆ ಎಳೆದು ಖುಲಾಸೆಯಲ್ಲಿ ಮುಗಿಯಿತು. ಆಮೇಲೆ ಅದೇ ಕಂಪನಿ ಆತನಿಗೆ ವರ್ಷಕ್ಕೆ 4,000 ಪೌಂಡ್ ಕೊಡುವ ಏರ್ಪಾಡು ಮಾಡಿತು. ಇನ್ನು ಕಂಪನಿಯ ಷೇರುದಾರರು? 1833ರ ಕಾಯ್ದೆಯ ಪ್ರಕಾರ ಅವರಿಗೆ ಶೇ 10.5 ಲಾಭಾಂಶ ಖಾತ್ರಿ, ಅದೂ ಭಾರತದ ಕಂದಾಯದಿಂದ. 1858ರ ಆಗಸ್ಟ್‌ನಲ್ಲಿ ಆಡಳಿತ ರಾಣಿಯ ಕೈಗೆ ಹೋದ ಮೇಲೂ ಆ ಪಾವತಿ ನಿಲ್ಲಲಿಲ್ಲ. 1874ರಲ್ಲಿ ಕಂಪನಿಯನ್ನು ಮುಚ್ಚುವಾಗ ನೂರು ಪೌಂಡಿನ ಷೇರಿಗೆ ಇನ್ನೂರು ಪೌಂಡ್ ಲೆಕ್ಕ. ದಂಗೆಯನ್ನು ಹತ್ತಿಕ್ಕಿದ ಖರ್ಚೂ ಭಾರತದ ಸಾಲದ ಖಾತೆಗೇ ಸೇರಿತು. ಅಂದರೆ ಮುಟ್ಟುಗೋಲಾದ ನರಗುಂದದ ಹೊಲಗಳ ಕಂದಾಯವೂ ಹೋಗಿ ಸೇರಿದ್ದು ಆ ಲಾಭಾಂಶ ಕೊಡುತ್ತಿದ್ದ ಖಜಾನೆಗೇ. ಇದನ್ನು ಕೇಳಿ ನನಗೆ ಒಂದು ಕ್ಷಣ ಮಾತೇ ಹೊರಡಲಿಲ್ಲ. ಶಾಲೆಯಲ್ಲಿ ನಮಗೆ ಕೋಟೆ ಬಿದ್ದ ತಾರೀಖನ್ನು ಬಾಯಿಪಾಠ ಮಾಡಿಸಿದರು, ಲಾಭಾಂಶದ ವಿಷಯ ಯಾರೂ ಹೇಳಲಿಲ್ಲ.

ಹುಡುಗಿ ತನ್ನ ಕಾಗದಗಳನ್ನು ಬಿಚ್ಚಿದಳು. ಅವಳು ಮುಖ್ಯವಾಗಿ ಹಿಡಿದಿದ್ದು ಲಾಫಾರ್ಜ್ ಎಂಬ ಫ್ರೆಂಚ್ ಸಿಮೆಂಟ್ ಕಂಪನಿಯ ಪ್ರಕರಣ. ಉತ್ತರ ಸಿರಿಯಾದ ಜಲಾಬಿಯಾದಲ್ಲಿ ಅವರ ಕಾರ್ಖಾನೆ. ಯುದ್ಧ ಜೋರಾದಾಗ, 2012ರಲ್ಲಿ, ವಿದೇಶಿ ಸಿಬ್ಬಂದಿಯನ್ನು ಹೊರಗೆ ಕರೆಸಿಕೊಂಡರು. ಸಿರಿಯಾದ ಕಾರ್ಮಿಕರು ಮಾತ್ರ ಕೆಲಸಕ್ಕೆ ಬರುತ್ತಲೇ ಇರಬೇಕಾಯಿತು. 2013, 2014ರಲ್ಲಿ ಕಂಪನಿ ಮಧ್ಯವರ್ತಿಗಳ ಮೂಲಕ ಐಸಿಸ್ ಮತ್ತು ನುಸ್ರಾ ಎಂಬ ಉಗ್ರಗಾಮಿ ಗುಂಪುಗಳಿಗೆ ಸುಮಾರು 59 ಲಕ್ಷ ಡಾಲರ್ ಕೊಟ್ಟಿತು. 2014ರ ಸೆಪ್ಟೆಂಬರಿನಲ್ಲಿ ಐಸಿಸ್ ಕಾರ್ಖಾನೆಯನ್ನೇ ವಶಪಡಿಸಿಕೊಂಡಿತು.

“ಬಂದೂಕು ಹಿಡಿದು ಬಂದವನಿಗೆ ದುಡ್ಡು ಕೊಡದೆ ಇರುವುದು ಹೇಗೆ? ಸಿಮೆಂಟ್ ಮಾರಿದವನದು ಏನು ತಪ್ಪು?” ಅಜ್ಜ ಕೇಳಿದರು. ಮೊಮ್ಮಗಳನ್ನು ಪರೀಕ್ಷಿಸುವ ಪ್ರಶ್ನೆ ಎಂದು ಆಮೇಲೆ ಗೊತ್ತಾಯಿತು.

“ಬರೀ ಹೆದರಿ ಕೊಟ್ಟಿದ್ದಲ್ಲ, ಅಜ್ಜಾ. ಮಾರಿದ ಸಿಮೆಂಟಿನ ಪ್ರಮಾಣಕ್ಕೆ ತಕ್ಕ ಪಾಲು ಎಂದು ಒಪ್ಪಂದ ಆಗಿತ್ತು. ಟರ್ಕಿಯಿಂದ ಬರುವ ಅಗ್ಗದ ಸಿಮೆಂಟಿಗೆ ತಡೆ ಹಾಕಿಸುವ ಲೆಕ್ಕವೂ ಅದರಲ್ಲಿತ್ತು. ಅದು ಪಾಲುದಾರಿಕೆಯಲ್ಲವೇ?”

2022ರ ಅಕ್ಟೋಬರಿನಲ್ಲಿ ಕಂಪನಿ ಅಮೆರಿಕದ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು ಸುಮಾರು 77.8 ಕೋಟಿ ಡಾಲರ್ ಕಟ್ಟಲು ಒಪ್ಪಿತು. ಆದರೆ ಅವಳಿಗೆ ಮುಖ್ಯ ಅನ್ನಿಸಿದ್ದು ಫ್ರಾನ್ಸಿನ ಮೊಕದ್ದಮೆ. ಹನ್ನೊಂದು ಮಂದಿ ಮಾಜಿ ಸಿರಿಯನ್ ಕಾರ್ಮಿಕರು 2016ರಲ್ಲಿ ಕೊಟ್ಟ ದೂರಿನಲ್ಲಿ ಅದರ ಬೇರಿದೆ. ಕೊಲ್ಲಬೇಕೆಂಬ ಉದ್ದೇಶ ಕಂಪನಿಗೆ ಇರಬೇಕಾಗಿಲ್ಲ, ಹಣ ಪಡೆಯುವವರು ಎಂಥವರು ಎಂದು ತಿಳಿದೂ ಕೊಟ್ಟಿದ್ದರೆ ಸಾಕು, ವ್ಯಾಪಾರ ಉಳಿಸಿಕೊಳ್ಳಲು ಕೊಟ್ಟೆವು ಎಂಬ ಸಬೂಬು ನಡೆಯದು ಎಂದು ಅಲ್ಲಿನ ಅತ್ಯುನ್ನತ ನ್ಯಾಯಾಲಯ 2021ರಲ್ಲಿ ಹೇಳಿತು. ಮಾನವೀಯತೆಯ ವಿರುದ್ಧದ ಅಪರಾಧದಲ್ಲಿ ಕಂಪನಿ ಕೈಜೋಡಿಸಿದೆ ಎಂಬ ಆರೋಪವನ್ನು 2024ರ ಜನವರಿಯಲ್ಲಿ ಎತ್ತಿಹಿಡಿಯಿತು.

“ಮಾರಿದವರಿಗೆ ಗಲ್ಲು ಆದದ್ದೂ ಇದೆ,” ಎಂದು ಸೇರಿಸಿದಳು. ಕ್ರಿಮಿನಾಶಕವಾಗಿದ್ದ ಝೈಕ್ಲಾನ್ ಬಿ ವಿಷವನ್ನು, ನಾಜಿಗಳು ಅದರಿಂದಲೇ ಜನರನ್ನು ಕೊಲ್ಲುತ್ತಿದ್ದ ಆಶ್‌ವಿಟ್ಜ್ ಶಿಬಿರಕ್ಕೆ ಪೂರೈಸಿದ ಹ್ಯಾಂಬರ್ಗಿನ ವ್ಯಾಪಾರಿ ಬ್ರೂನೋ ಟೆಶ್ ಮತ್ತು ಅವನ ಸಹಾಯಕನನ್ನು 1946ರಲ್ಲಿ ಬ್ರಿಟಿಷ್ ಸೇನಾ ನ್ಯಾಯಾಲಯದ ತೀರ್ಪಿನಂತೆ ನೇಣಿಗೇರಿಸಿದರು. ಯಾವ ಬ್ರಿಟಿಷರು ಎಂದು ಅಜ್ಜ ಬಿಡಿಸಿ ಹೇಳಲಿಲ್ಲ, ಗುಡ್ಡದ ಕಡೆ ನೋಡಿದರಷ್ಟೆ.

ಅಷ್ಟೆಲ್ಲ ಓದಿಕೊಂಡ ಹುಡುಗಿಗೆ ಚೀಟಿಯಲ್ಲಿ ಬಂದಿದ್ದು ಕಂಪನಿಯ ಪರ ವಾದ. ಅಜ್ಜನಿಗೆ ಅದು ಸುತರಾಂ ಇಷ್ಟವಿಲ್ಲ. “ತಪ್ಪಿಸಿಕೊಳ್ಳುವ ದಾರಿ ಯಾವುದು ಎಂದು ಗೊತ್ತಾಗದೆ ಮುಚ್ಚುವುದು ಹೇಗೆ?” ಎಂದು ಅವಳ ಮಾತು. ದಾರಿಗಳನ್ನು ತೋರಿಸಿದಳು: ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ವ್ಯಕ್ತಿಗಳನ್ನು ಮಾತ್ರ ವಿಚಾರಿಸಬಲ್ಲದು, ಕಂಪನಿಯನ್ನಲ್ಲ. ಎರಡನೆಯದು, ತಪ್ಪು ಅಂಗಸಂಸ್ಥೆಯದು, ಮಾತೃಸಂಸ್ಥೆಗೆ ಸಂಬಂಧವಿಲ್ಲ ಎನ್ನುವುದು. ಆದರೆ ಸಿರಿಯಾದ ಅಂಗಸಂಸ್ಥೆಯಲ್ಲಿ ಲಾಫಾರ್ಜ್ ಪಾಲು ಶೇ 98ಕ್ಕೂ ಹೆಚ್ಚಿತ್ತು.

ನನಗೆ ಎಲ್ಲಕ್ಕಿಂತ ಕೋಪ ಬಂದದ್ದು ಬೇರೆ ಕಾರಣಕ್ಕೆ. ಅಷ್ಟು ದೊಡ್ಡ ದಂಡ ಹೋಗಿ ಸೇರಿದ್ದು ಅಮೆರಿಕ ಸರ್ಕಾರಕ್ಕೆ. ಜೀವ ಕೈಯಲ್ಲಿ ಹಿಡಿದು ಕಾರ್ಖಾನೆಗೆ ಹೋದವರಿಗಲ್ಲ, ಐಸಿಸ್ ಕೈಗೆ ಸಿಕ್ಕಿ ನರಳಿದ ಯಜಿದಿ ಎಂಬ ಅಲ್ಪಸಂಖ್ಯಾತ ಸಮುದಾಯದವರಿಗೂ ಅಲ್ಲ. ಯಜಿದಿ ಮೂಲದ ಅಮೆರಿಕನ್ನರು ಪರಿಹಾರಕ್ಕಾಗಿ 2023ರ ಡಿಸೆಂಬರಿನಲ್ಲಿ ತಾವೇ ಬೇರೆ ದಾವೆ ಹೂಡಬೇಕಾಯಿತು. ಶಿಕ್ಷೆ ಆದರಷ್ಟೇ ಸಾಲದು, ದುಡ್ಡು ಯಾರ ಮನೆ ತಲುಪಿತು ಎಂಬುದನ್ನೂ ನ್ಯಾಯಾಲಯ ಕೇಳಬೇಕು ಎಂದೆ.

“ಅದನ್ನು ಎದುರು ಪಕ್ಷದವರು ಕೇಳಿದರೆ ನನ್ನಲ್ಲಿ ಉತ್ತರ ಇಲ್ಲ, ಅಕ್ಕಾವರೇ,” ಎಂದಳು.

ಅಜ್ಜನ ಮುಖ ಅರಳಿತು. “ಹಾಗಾದರೆ ಎದುರು ಪಕ್ಷದವರಿಗೆ ಇವತ್ತೇ ಫೋನ್ ಮಾಡಿ ಹೇಳು,” ಎಂದರು.