ಕಿವಿಯ ಸಂಶೋಧನೆಗೂ ಒಂದು ರಸೀದಿ ಹರಿಯೋಣ

ಇಂಗ್ಲೆಂಡಿಗೆ ಬಂದ ಹೊಸದರಲ್ಲಿ ನನಗೆ ಬಹಳ ಆಶ್ಚರ್ಯ ಆಗಿದ್ದು ಇಲ್ಲಿನವರ ಉಯಿಲು ನೋಡಿ. ನಾನು ವಕೀಲರ ಆಫೀಸೊಂದರಲ್ಲಿ ಲೆಕ್ಕಪತ್ರ ನೋಡುತ್ತೇನೆ. ಮನೆ ಮಗನಿಗೆ, ಒಡವೆ ಮೊಮ್ಮಗಳಿಗೆ ಅಂತೆಲ್ಲ ಬರೆದಾದ ಮೇಲೆ ಕೆಲವರ ಉಯಿಲಿನಲ್ಲಿ ಇನ್ನೊಂದು ಸಾಲು ಇರುತ್ತದೆ: ಇಷ್ಟು ಪೌಂಡ್ ಕಿವುಡುತನದ ಸಂಶೋಧನೆಗೆ. ಬರೆದವರು ದೊಡ್ಡ ಶ್ರೀಮಂತರೇನಲ್ಲ. ನಿವೃತ್ತಿಯಾದ ಟೀಚರ್, ನರ್ಸ್, ಬಸ್ ಡ್ರೈವರ್. ಗಂಡನಿಗೋ ಮಗುವಿಗೋ ಕಿವಿ ಕೇಳುತ್ತಿರಲಿಲ್ಲ, ಇಲ್ಲಾ ತಮಗೇ ಕೇಳುತ್ತಿರಲಿಲ್ಲ. ತಾವು ಹೋದ ಮೇಲಾದರೂ ಯಾರಾದರೂ ಇದಕ್ಕೊಂದು ದಾರಿ ಹುಡುಕಲಿ ಅಂತ ಆಸೆ. ಹೀಗೆ ದಾನಕ್ಕೆ ಬಿಟ್ಟ ಹಣದ ಮೇಲೆ ಸರ್ಕಾರ ಉತ್ತರಾಧಿಕಾರದ ತೆರಿಗೆಯನ್ನೂ ಹಾಕುವುದಿಲ್ಲ.

ಆ ಹಣ ಹೋಗುವ ಸಂಸ್ಥೆಗಳಲ್ಲಿ ದೊಡ್ಡದು ಆರ್‌ಎನ್‌ಐಡಿ. ಕಿವುಡರಿಗಾಗಿ ಇರುವ ಈ ರಾಷ್ಟ್ರೀಯ ಸಂಸ್ಥೆಯನ್ನು 1911ರಲ್ಲಿ ಲಿಯೋ ಬಾನ್ ಎಂಬ ಬ್ಯಾಂಕರ್ ಶುರು ಮಾಡಿದ್ದು. ಅವರಿಗೇ ಕಿವಿ ಕೇಳುತ್ತಿರಲಿಲ್ಲ. ಅಮೆರಿಕದಲ್ಲೂ ಇಂಥದ್ದೇ ಕಥೆ ಇದೆ. ಕಿವಿಯ ತೊಂದರೆ ಇದ್ದ ಕೊಲೆಟ್ ರ‍್ಯಾಮ್ಸೆ ಬೇಕರ್ ಎಂಬಾಕೆಗೆ ಆಪರೇಷನ್ ಆಗಿ ಕಿವಿ ಕೇಳಿಸಿತು. 1958ರಲ್ಲಿ ಆಕೆ ಕಿವಿಯ ಸಂಶೋಧನೆಗೇ ಅಂತ ಒಂದು ನಿಧಿ ಕಟ್ಟಿದರು. ಈಗ ಅದರ ಹೆಸರು ಹಿಯರಿಂಗ್ ಹೆಲ್ತ್ ಫೌಂಡೇಶನ್. ನೋವು ಉಂಡವರೇ ಹಣ ಹೊಂದಿಸಲು ನಿಂತರು, ಎರಡೂ ಕಡೆ.

ಉಯಿಲಿನ ಹಣ ಒಂದು ಬಗೆ. ತಿಂಗಳಿಗೆ ಐದು ಪೌಂಡ್, ಹತ್ತು ಪೌಂಡ್ ಕೊಡುವವರೂ ಇದ್ದಾರೆ. ಇಲ್ಲಿ ಗಿಫ್ಟ್ ಏಡ್ ಅಂತ ಒಂದು ವ್ಯವಸ್ಥೆ ಇದೆ. ತೆರಿಗೆ ಕಟ್ಟುವವರು 1 ಪೌಂಡ್ ಕೊಟ್ಟರೆ, ಅದಕ್ಕೆ ಸರ್ಕಾರ 25 ಪೆನ್ಸ್ ಸೇರಿಸುತ್ತದೆ. ಯಾವ ವಿಜ್ಞಾನಿಗೆ ಹಣ ಕೊಡಬೇಕು ಅನ್ನುವುದನ್ನು ಅದೇ ವಿಷಯ ತಿಳಿದ ಬೇರೆ ವಿಜ್ಞಾನಿಗಳು ಅರ್ಜಿ ಓದಿ, ಪ್ರಶ್ನೆ ಕೇಳಿ, ತೂಗಿ ಹೇಳುತ್ತಾರೆ. ಲೆಕ್ಕಪತ್ರ ಯಾರು ಬೇಕಾದರೂ ನೋಡಬಹುದು. ನನ್ನ ಕಸುಬೇ ಅದಾದ್ದರಿಂದ ನನಗೆ ಇದರಲ್ಲಿ ತುಂಬ ನಂಬಿಕೆ.

ಕೊಟ್ಟ ಹಣದಿಂದ ಏನಾಯಿತು ಅಂತ ಕೇಳುವವರಿಗೆ ನಾನು ಹೇಳುವುದು ಜೆಂಟಮೈಸಿನ್ ವಿಷಯ. ಹುಟ್ಟಿದ ಮಗುವಿಗೆ ನಂಜು ಏರಿದೆ ಅನ್ನುವ ಅನುಮಾನ ಬಂದರೆ ಡಾಕ್ಟರು ಈ ಇಂಜೆಕ್ಷನ್ ಕೊಡುತ್ತಾರೆ. ಇಲ್ಲೂ ಅದೇ, ನಮ್ಮ ಕಡೆಯೂ ಅದೇ. ಜೀವ ಉಳಿಸುವ ಔಷಧ, ಬೆಲೆಯೂ ಕಮ್ಮಿ. ಆದರೆ ತಾಯಿಯಿಂದ ಬರುವ ಒಂದು ಸಣ್ಣ ಜೀನ್ ಬದಲಾವಣೆ ಇರುವ ಮಕ್ಕಳಿಗೆ ಇದರಿಂದ ಶಾಶ್ವತವಾಗಿ ಕಿವಿ ಹೋಗಬಹುದು. ಬ್ರಿಟನ್ನಿನಲ್ಲಿ ಸುಮಾರು 500 ಜನರಲ್ಲಿ ಒಬ್ಬರಿಗೆ ಈ ಬದಲಾವಣೆ ಇದೆ. ಮೊದಲೇ ಪರೀಕ್ಷೆ ಮಾಡೋಣ ಅಂದರೆ ಲ್ಯಾಬಿನ ವರದಿಗೆ ದಿನಗಟ್ಟಲೆ ಬೇಕು, ಇಂಜೆಕ್ಷನ್ ಕೊಡಬೇಕಾದ್ದು ಒಂದು ಗಂಟೆಯೊಳಗೆ. ಮ್ಯಾಂಚೆಸ್ಟರಿನ ತಂಡ ಇದಕ್ಕೆ ಒಂದು ಪುಟ್ಟ ಯಂತ್ರ ಕಂಡುಹಿಡಿಯಿತು. ಮಗುವಿನ ಕೆನ್ನೆಯ ಒಳಗೆ ಹತ್ತಿ ಕಡ್ಡಿ ಒರೆಸಿ ಯಂತ್ರಕ್ಕೆ ಕೊಟ್ಟರೆ ಅರ್ಧ ಗಂಟೆಯೊಳಗೆ ಉತ್ತರ ಬರುತ್ತದೆ. ಅಪಾಯ ಇರುವ ಮಗುವಿಗೆ ಬೇರೆ ಔಷಧ ಕೊಟ್ಟರಾಯಿತು. ಈ ಅಧ್ಯಯನಕ್ಕೆ ಸರ್ಕಾರದ ಹಣದ ಜೊತೆ ಆರ್‌ಎನ್‌ಐಡಿಯ ಹಣವೂ ಸೇರಿತ್ತು. ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ನಾನು ಉಯಿಲಿನಲ್ಲಿ ಓದುವ ಆ ಒಂದು ಸಾಲು ಇಂಥ ಕಡೆ ಹೋಗಿ ಮುಟ್ಟುತ್ತದೆ. ಅದನ್ನು ನೆನೆದಾಗಲೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ.

ಎಲ್ಲವೂ ಇಷ್ಟು ಬೇಗ ಆಗುವುದಿಲ್ಲ. ನಮ್ಮ ಒಳಕಿವಿಯಲ್ಲಿ ಶಬ್ದ ಹಿಡಿಯುವ, ಮೇಲೆ ಕೂದಲಿನಂಥ ಎಳೆಗಳಿರುವ ಜೀವಕೋಶಗಳು ಒಂದೊಂದು ಕಿವಿಗೆ 15 ಸಾವಿರದಷ್ಟು ಇರುತ್ತವೆ. ಸತ್ತರೆ ಮತ್ತೆ ಹುಟ್ಟುವುದಿಲ್ಲ. ಆದರೆ ಕೋಳಿಯ ಕಿವಿಯಲ್ಲಿ ಮತ್ತೆ ಹುಟ್ಟುತ್ತವೆ! ಇದು ಗೊತ್ತಾಗಿದ್ದು 1980ರ ದಶಕದಲ್ಲಿ. ಮನುಷ್ಯರಲ್ಲಿ ಹಾಗೆ ಹುಟ್ಟಿಸುವುದು ಹೇಗೆ ಅಂತ ಇನ್ನೂ ಹುಡುಕುತ್ತಲೇ ಇದ್ದಾರೆ. ಹುಟ್ಟು ಕಿವುಡಿಗೆ ಕಾರಣವಾಗುವ ಓಟೋಫರ್ಲಿನ್ ಅನ್ನುವ ಜೀನನ್ನು ಪ್ಯಾರಿಸ್ಸಿನ ಪಾಸ್ಟರ್ ಸಂಸ್ಥೆಯಲ್ಲಿ ಗುರುತಿಸಿದ್ದು 1999ರಲ್ಲಿ. ಸರಿಯಾದ ಜೀನನ್ನು ಕಿವಿಯೊಳಗೆ ಸೇರಿಸಿ, ಶಾಂಘೈನಲ್ಲಿ ಆರು ಮಕ್ಕಳಲ್ಲಿ ಐವರಿಗೆ ಕೇಳುವಂತೆ ಮಾಡಿದ ವರದಿ ಬಂದದ್ದು 2024ರಲ್ಲಿ. ನಡುವೆ 25 ವರ್ಷ. ಕೊಟ್ಟವರಲ್ಲಿ ಎಷ್ಟೋ ಜನ ಫಲ ನೋಡದೇ ಹೋಗುತ್ತಾರೆ. ಸಂಶೋಧನೆಗೆ ಕೊಡುವುದು ಅಂದರೆ ಅಡಿಕೆ ಸಸಿ ನೆಟ್ಟ ಹಾಗೆ, ಕೊಯ್ಲು ಮುಂದಿನವರದ್ದು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕೈಸನ್ನೆಯ ಭಾಷೆಯಲ್ಲೇ ಬೆಳೆದು, ಅದರಲ್ಲೇ ನಗುತ್ತ ಜಗಳವಾಡುತ್ತ ಬದುಕುವ ಕಿವುಡರು ಇದ್ದಾರೆ. ಅವರಲ್ಲಿ ಅನೇಕರು ತಮ್ಮದು ರೋಗ ಅಲ್ಲ ಅನ್ನುತ್ತಾರೆ. ಅವರ ಮಾತು ಸರಿ. ಔಷಧ ಬೇಕು ಅನ್ನುವವರಿಗೆ ಔಷಧ ಸಿಗಲಿ, ಸನ್ನೆಭಾಷೆ ಬೇಕು ಅನ್ನುವವರಿಗೆ ಶಾಲೆಯಲ್ಲೂ ಆಸ್ಪತ್ರೆಯಲ್ಲೂ ಅದು ಸಿಗಲಿ.

ಈಗ ನಮ್ಮ ಊರಿಗೆ ಬರೋಣ. ನನ್ನದು ಶಿರಸಿ ಹತ್ತಿರದ ಹಳ್ಳಿ. ನಮ್ಮ ದೊಡ್ಡಪ್ಪ ಚಂಡೆ ಬಾರಿಸುತ್ತಿದ್ದರು. ಮಳೆಗಾಲ ಬಿಟ್ಟರೆ ರಾತ್ರಿಯಿಡೀ ಯಕ್ಷಗಾನದ ಆಟ. ಅರವತ್ತು ದಾಟುವ ಹೊತ್ತಿಗೆ ಫೋನಿನಲ್ಲಿ "ಎಂಗೆ ಕೇಳ್ತಿಲ್ಲೆ ತಂಗಿ, ಆಯಿ ಹತ್ರ ಮಾತಾಡು" ಅಂತ ಕೊಟ್ಟುಬಿಡುತ್ತಿದ್ದರು. ವಯಸ್ಸಾಯಿತು, ಅದಕ್ಕೆ ಅಂತ ಎಲ್ಲರೂ ಸುಮ್ಮನಾದರು. ಚಂಡೆಗೂ ಅವರ ಕಿವಿಗೂ ಏನಾದರೂ ಸಂಬಂಧ ಇದೆಯಾ ಅಂತ ಯಾರೂ ಕೇಳಲಿಲ್ಲ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಡೆದುಕೊಳ್ಳಬಹುದು ಅನ್ನುತ್ತಾರೆ. ಅಲ್ಲಿಂದ ಮೂರು ಡೆಸಿಬೆಲ್ ಏರಿದರೆ ಆ ಹೊತ್ತು ಅರ್ಧಕ್ಕೆ ಇಳಿಯುತ್ತದೆ. ಘಟ್ಟದ ಕೆಳಗೆ ಬೈತಖೋಲ, ತದಡಿ ಬಂದರಿನ ಬೋಟುಗಳಲ್ಲಿ ಇಂಜಿನ್ನಿನ ಪಕ್ಕದಲ್ಲೇ ಉಂಡು ಮಲಗುವವರ ಕಿವಿ ಹೇಗಿರಬಹುದು? ಘಟ್ಟದ ಮೇಲೆ ತೋಟದಲ್ಲಿ ಹುಲ್ಲು ಕತ್ತರಿಸುವ ಯಂತ್ರ ಹೆಗಲಿಗೆ ಹಾಕಿಕೊಂಡು ದಿನಗಟ್ಟಲೆ ಓಡಾಡುವವರದ್ದು?

ನಮ್ಮ ಜಿಲ್ಲೆಯವರು ಕೊಡುವುದರಲ್ಲಿ ಹಿಂದೆ ಬಿದ್ದವರಲ್ಲ. ದೇವಸ್ಥಾನದ ಜೀರ್ಣೋದ್ಧಾರ ಅಂದರೆ ರಸೀದಿ ಪುಸ್ತಕ ಮುಗಿಯುವುದೇ ಗೊತ್ತಾಗುವುದಿಲ್ಲ. ಯಾರದ್ದೋ ಮಗುವಿಗೆ ಆಪರೇಷನ್ ಅಂದರೆ ಸಂಜೆಯೊಳಗೆ ಹಣ ಸೇರುತ್ತದೆ. ಕಿವಿ ಮಿಷನ್ ಹಂಚುವ ಶಿಬಿರಗಳೂ ನಡೆಯುತ್ತವೆ. ಸಂಶೋಧನೆಗೆ ಅಂತ ಮಾತ್ರ ಯಾರೂ ರಸೀದಿ ಹರಿದದ್ದು ನಾನು ಕಂಡಿಲ್ಲ.

ಈ ಮಾತು ತೆಗೆದಾಗ ಊರಿನ ಗೆಳತಿಯೊಬ್ಬಳು ನೇರವಾಗಿ ಕೇಳಿದಳು: "ತುರ್ತು ಅಂದರೆ ಇನ್ನೂ ಮಣಿಪಾಲಕ್ಕೋ ಹುಬ್ಬಳ್ಳಿಗೋ ಓಡುವವರು ನಾವು. ಮೊದಲು ಆಸ್ಪತ್ರೆ ಬೇಡ್ವಾ?" ಬೇಕು. ಆ ಬೇಡಿಕೆಯನ್ನು ನಾನೂ ಬಿಡುವುದಿಲ್ಲ. ಆದರೆ ಆಸ್ಪತ್ರೆ ಕಟ್ಟುವುದು ಸರ್ಕಾರದ ಕೆಲಸ, ಕೋಟಿಗಳ ಲೆಕ್ಕ. ಬೋಟಿನ ಮೇಲೆ ಸದ್ದು ಅಳೆದು, ಅಲ್ಲಿನ ಜನರ ಕಿವಿ ಪರೀಕ್ಷೆ ಮಾಡಿಸಿ, ಎಷ್ಟು ಜನರಿಗೆ ಎಷ್ಟು ತೊಂದರೆ ಅಂತ ತಿಳಿಯಲು ಅಷ್ಟೊಂದು ಹಣ ಬೇಕಿಲ್ಲ. ನಮ್ಮಂಥವರು ಕೂಡಿದರೆ ಸಾಕು. ಇದನ್ನು ಮಾಡಬಲ್ಲ ಜನವೂ ದೂರ ಇಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ. ಕಾರವಾರದಲ್ಲೇ ಮೆಡಿಕಲ್ ಕಾಲೇಜು ಇದೆ. ಅಲ್ಲಿನ ಒಬ್ಬ ವಿದ್ಯಾರ್ಥಿಗೆ ಪ್ರಯಾಣ, ಊಟ, ಉಪಕರಣದ ಬಾಡಿಗೆ ಕೊಟ್ಟರೂ ಕೆಲಸ ಶುರುವಾಗುತ್ತದೆ.

ಹೊರದೇಶದಲ್ಲಿ ಇರುವವರು ಒಂದು ವಿಷಯ ತಿಳಿದಿರಬೇಕು. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ ಹಣ ವಿದೇಶಿ ದೇಣಿಗೆ ಅನಿಸಿಕೊಳ್ಳುವುದಿಲ್ಲ. ಬೇರೆ ದೇಶದ ಪಾಸ್‌ಪೋರ್ಟ್ ತೆಗೆದುಕೊಂಡವರದ್ದು ಹಾಗಲ್ಲ, ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ ಕೂಡ. ಅವರ ಹಣ ಪಡೆಯುವ ಸಂಸ್ಥೆಗೆ ವಿದೇಶಿ ದೇಣಿಗೆ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎ ನೋಂದಣಿ ಬೇಕು. ಹಣ ಸೇರಿಸುವ ಮುಂಚೆಯೇ ಇದನ್ನು ನೋಡಿಕೊಳ್ಳಬೇಕು.

ಇಲ್ಲಿರುವ ಶಿರಸಿ, ಕುಮಟಾ, ಕಾರವಾರದ ಕೆಲವರು ಈ ಬಗ್ಗೆ ಮಾತಾಡಿಕೊಳ್ಳುತ್ತಿದ್ದೇವೆ. ಮೊದಲು ಬೋಟಿನವರಿಂದಲೇ ಶುರು ಮಾಡಬೇಕು ಅನ್ನುವುದು ನನ್ನ ಅಭಿಪ್ರಾಯ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದೆ, ಬೋಟುಗಳು ದಡದಲ್ಲೇ ಇರುತ್ತವೆ. ದೊಡ್ಡ ಸದ್ದು ಕೇಳಿದ ಕಿವಿ ಸ್ವಲ್ಪ ಹೊತ್ತು ಮಂದವಾಗಿ ಆಮೇಲೆ ಸರಿಹೋಗುವುದುಂಟು, ಆಗ ಪರೀಕ್ಷೆ ಮಾಡಿದರೆ ಲೆಕ್ಕ ತಪ್ಪುತ್ತದೆ. ಇಂಜಿನ್ ನಿಂತು ವಾರಗಳಾದ ಮೇಲೂ ಕೇಳದಿದ್ದರೆ ಅದು ನಿಜವಾಗಿ ಹೋದ ಕಿವಿ. ಹೊರರಾಜ್ಯದ ಕೆಲಸಗಾರರು ಆಗ ತಮ್ಮ ಊರಿಗೆ ಹೋಗಿರುತ್ತಾರೆ. ಅವರ ಪರೀಕ್ಷೆಯನ್ನು ಆಗಸ್ಟಿನಲ್ಲಿ ಬೋಟು ಮತ್ತೆ ನೀರಿಗೆ ಇಳಿಯುವ ಮುಂಚೆ ಮುಗಿಸಬೇಕು. ಬಂದರಿನಲ್ಲಿ ಬೋಟಿನ ಮಾಲೀಕರ ಪರಿಚಯ ಇರುವವರು, ಕಿವಿ ಪರೀಕ್ಷೆ ಮಾಡಲು ಬರುವವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ನಮ್ಮ ಜೊತೆ ಸೇರಿ.